ಗದ್ದಲದ ನಡುವೆ ಕ್ಷೀಣ ದನಿ: ಹವ್ಯಾಸಿ ರೇಡಿಯೋದಲ್ಲಿ ಅಂಕೀಯ ಪ್ರಯೋಗಗಳು

ಹಿಂದೆ ತಂತಿ ಕಚೇರಿಗಳಲ್ಲಿ ಶುಭಾಶಯ ವಾಕ್ಯಗಳ ಪಟ್ಟಿಯೊಂದು ಇರುತ್ತಿದ್ದುದನ್ನು ನಮ್ಮ ಸಂಘದ ಹಿರಿಯ ಸದಸ್ಯರು ಮರೆತಿರಲಾರರು. ಹಬ್ಬ, ವಿವಾಹ, ಪರೀಕ್ಷೆಯಲ್ಲಿ ತೇರ್ಗಡೆ, ಹೀಗೆ ಒಂದೊಂದು ಸಂದರ್ಭಕ್ಕೂ ಒಂದೊಂದು ಸಿದ್ಧ ವಾಕ್ಯ. ಒಂದೊಂದು ವಾಕ್ಯಕ್ಕೂ ಒಂದೊಂದು ಸಂಖ್ಯೆ. ಮುಂಬಯಿಯಲ್ಲಿ ನೌಕರಿಗಿದ್ದು, ರಜೆ ದೊರೆಯದೆ, ಧಾರವಾಡದಲ್ಲಿ ನಡೆಯುವ ಸೋದರಸೊಸೆಯ ಮದುವೆಗೆ ಹೋಗಲಾರದವರು ಆ ಸಂಖ್ಯೆಯನ್ನು ಬರೆದುಕೊಟ್ಟರೆ ಸಾಕಾಗುತ್ತಿತ್ತು. ತಂತಿಯ ಮೇಲೆ ಪ್ರಯಾಣ ಮಾಡುತ್ತಿದ್ದುದು ಸಂಖ್ಯೆ ಮಾತ್ರ. ಆಚೆಯ ತುದಿಯ ಕಚೇರಿಯಲ್ಲಿಯೂ ಅದೇ ಪಟ್ಟಿ ಇದ್ದುದರಿಂದ ಅಲ್ಲಿ ಅದು ಪುನಃ ಪೂರ್ಣ ವಾಕ್ಯವಾಗಿ ಮದುವೆಯ ಮನೆಯನ್ನು ತಲಪುತ್ತಿತ್ತು. ಖರ್ಚು ಕಡಿಮೆ, ತಪ್ಪಿಗೆ ಅವಕಾಶವೂ ಕಡಿಮೆ. ಕಳುಹಿಸುವವರೂ ಪಡೆಯುವವರೂ ಮುಂಚಿತವಾಗಿಯೇ ಒಂದು ಒಪ್ಪಂದಕ್ಕೆ ಬಂದಿದ್ದರೆ ಅತ್ಯಲ್ಪ ಸಂಕೇತದಿಂದ ಬಹಳಷ್ಟನ್ನು ಹೇಳಬಹುದೆಂಬುದು ಇದರ ತಿರುಳು.

ಭಾರತದ ತಂತಿ ಸೇವೆ 2013ರ ಜುಲೈ ತಿಂಗಳಲ್ಲಿ ಮುಕ್ತಾಯಗೊಂಡಿತು. ಆದರೆ ಮೇಲೆ ಹೇಳಿದ ಮುಂಗಡ ಒಪ್ಪಂದದ ತತ್ತ್ವ ಮಾತ್ರ ಅಳಿದಿಲ್ಲ. ಹವ್ಯಾಸಿ ರೇಡಿಯೋಗಾರರ ಕೈಯಲ್ಲಿ ಅದು ಇಂದು ಊಹೆಗೂ ನಿಲುಕದಷ್ಟು ಸೂಕ್ಷ್ಮವಾಗಿ ಬೆಳೆದು, ಕಿವಿಗೆ ಕೇಳಿಸಲಾರದ ಸಂಕೇತವನ್ನು ಸಹ ಗದ್ದಲದೊಳಗಿನಿಂದ ಹೆಕ್ಕಿ ತೆಗೆಯುವ ಮಟ್ಟವನ್ನು ಮುಟ್ಟಿದೆ. ವಾಣಿಜ್ಯಶಾಸ್ತ್ರವನ್ನು ಓದಿ ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಬಾಳು ಸವೆಸುತ್ತಿರುವ ನನ್ನಂಥವನಿಗೂ ಈ ವಿಷಯ ಅರ್ಥವಾಗಲು ಕಾರಣ, ಅದರ ಒಳಗುಟ್ಟು ಬಹುಮಟ್ಟಿಗೆ ಲೆಕ್ಕದ ಒಳಗುಟ್ಟೇ ಆಗಿರುವುದು. ಆದುದರಿಂದ ಆರೋಗ್ಯದ ಮಾತುಗಳಿಗೆ ಮೀಸಲಾದ ಪುಟಗಳ ನಡುವೆ ಇದಕ್ಕೂ ಕೊಂಚ ಸ್ಥಳ ಬೇಡುತ್ತೇನೆ.

ಹವ್ಯಾಸಿ ರೇಡಿಯೋ ಎಂದರೇನೆಂಬುದನ್ನು ಮೊದಲು ಸ್ಥೂಲವಾಗಿ ಹೇಳಬೇಕು. ಸರ್ಕಾರದ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ಪರವಾನಗಿ ಪಡೆದು, ತಮ್ಮ ಸ್ವಂತ ಪ್ರೇಷಕ ಮತ್ತು ಗ್ರಾಹಕ ಯಂತ್ರಗಳಿಂದ ಜಗತ್ತಿನ ಇತರ ಹವ್ಯಾಸಿಗಳೊಡನೆ ಸಂಪರ್ಕ ಬೆಳೆಸುವವರು ಇವರು. ಲೋಕರೂಢಿಯಲ್ಲಿ ಇವರಿಗೆ 'ಹ್ಯಾಮ್' ಎಂದು ಹೆಸರು. ಪ್ರತಿಯೊಬ್ಬರಿಗೂ ಒಂದು ಕರೆಸಂಕೇತವಿರುತ್ತದೆ. ನಮ್ಮ ದೇಶದವರದು ಸಾಮಾನ್ಯವಾಗಿ 'ವಿ.ಯು.' ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. ಇವರ ಚಟುವಟಿಕೆಗೆ ಎರಡು ಮುಖ್ಯ ಕಟ್ಟಳೆಗಳಿವೆ. ಇದರಿಂದ ಹಣ ಸಂಪಾದಿಸಕೂಡದೆಂಬುದು ಮೊದಲನೆಯದು. ಅರ್ಥವನ್ನು ಮರೆಮಾಡುವ ಉದ್ದೇಶದಿಂದ ಗೂಢಲಿಪಿಯನ್ನು ಬಳಸಕೂಡದೆಂಬುದು ಎರಡನೆಯದು. ಈ ಎರಡನೆಯ ಕಟ್ಟಳೆ ಬ್ಯಾಂಕಿನವರಾದ ನಮಗೆ ವಿಚಿತ್ರವಾಗಿ ತೋರುತ್ತದೆ. ತಂತಿಯ ಮೂಲಕ ಹಣ ವರ್ಗಾಯಿಸುತ್ತಿದ್ದ ಕಾಲದಲ್ಲಿ ಪ್ರತಿಯೊಂದು ಸಂದೇಶಕ್ಕೂ ಗುಪ್ತ ತಾಳೆ ಸಂಖ್ಯೆಯೊಂದನ್ನು ಸೇರಿಸುತ್ತಿದ್ದರೆಂದೂ, ಅದರ ಪುಸ್ತಕವನ್ನು ಬೀಗ ಹಾಕಿ ಇಡುತ್ತಿದ್ದರೆಂದೂ ನಮ್ಮ ಹಿರಿಯ ಸಹೋದ್ಯೋಗಿಗಳು ಹೇಳುತ್ತಿದ್ದರು. ನಮ್ಮ ಸಂಕೇತ ಮುಚ್ಚಿಡುವುದಕ್ಕೆ. ಹವ್ಯಾಸಿಗಳ ಸಂಕೇತ ಎಲ್ಲರಿಗೂ ಮುಟ್ಟಿಸುವುದಕ್ಕೆ. ಹೊಸ ಅಂಕೀಯ ವಿಧಾನವೊಂದನ್ನು ರೂಪಿಸಿದವರು ಅದರ ಸೂತ್ರವನ್ನು ಜಗತ್ತಿಗೆಲ್ಲ ಪ್ರಕಟಿಸಬೇಕು; ಹಾಗಲ್ಲದಿದ್ದರೆ ಅದು ಹವ್ಯಾಸಿ ರೇಡಿಯೋ ಎನಿಸಿಕೊಳ್ಳುವುದಿಲ್ಲ.

ಇನ್ನು ಅವರ ಮುಖ್ಯ ತೊಡಕಿಗೆ ಬರೋಣ. ಹ್ರಸ್ವತರಂಗಗಳು ಭೂಮಿಯ ಮೇಲಿನ ಅಯಾನುಗೋಲದಿಂದ ಪ್ರತಿಫಲಿತವಾಗಿ ಸಾವಿರಾರು ಮೈಲಿ ಸಾಗುತ್ತವೆ. ಆದರೆ ತಲಪುವ ವೇಳೆಗೆ ಅವು ಅತಿ ಕ್ಷೀಣವಾಗಿರುತ್ತವೆ. ಗ್ರಾಹಕ ಯಂತ್ರದಲ್ಲಿ ಅದೇ ವೇಳೆಗೆ ಸಿಡಿಲು, ಸೂರ್ಯ, ನೆರೆಹೊರೆಯ ವಿದ್ಯುತ್ ಉಪಕರಣ ಎಲ್ಲವೂ ಕೂಡಿ 'ಸುಯ್' ಎನ್ನುವ ಗದ್ದಲವನ್ನು ಎಬ್ಬಿಸುತ್ತಿರುತ್ತವೆ. ಹಳ್ಳಿಯ ಬಯಲಿನಲ್ಲಿ ಈ ಗದ್ದಲ ಕಡಿಮೆ. ಮಹಾನಗರದಲ್ಲಿಯಾದರೋ ಎಲ್.ಇ.ಡಿ. ದೀಪ, ಮೊಬೈಲ್ ಚಾರ್ಜರ್, ಇನ್ವರ್ಟರ್, ಲಿಫ್ಟಿನ ಮೋಟಾರು ಒಂದೊಂದೂ ತನ್ನ ಪಾಲಿನ ಕಾಣಿಕೆಯನ್ನು ಸಲ್ಲಿಸುತ್ತದೆ. ಇದರ ಮೇಲೆ ಎತ್ತರವಾದ ಆಂಟೆನಾ ನಿಲ್ಲಿಸುವುದಕ್ಕೆ ಹೌಸಿಂಗ್ ಸೊಸೈಟಿಯವರ ಅನುಮತಿ ದೊರಕುವುದು ದುರ್ಲಭ. ಕಿಟಕಿಯ ಸರಳಿನಿಂದ ಬಾಲ್ಕನಿಯ ಮೂಲೆಗೆ ಕಟ್ಟಿದ ತಂತಿಯೇ ಅನೇಕರ ಪಾಲಿಗೆ ಆಂಟೆನಾ. ಬಟ್ಟೆ ಒಣಹಾಕುವ ಹಗ್ಗಕ್ಕೂ ಅದಕ್ಕೂ ನೋಡಿದವರಿಗೆ ವ್ಯತ್ಯಾಸ ತಿಳಿಯದು. ಇಂಥ ನೆಲೆಯಿಂದ ಮಾತನಾಡಿ ಖಂಡಾಂತರವನ್ನು ಮುಟ್ಟುವುದು ಕಷ್ಟ. ದನಿಯನ್ನು ಎತ್ತರಿಸೋಣವೆಂದರೆ ಪ್ರೇಷಕದ ಶಕ್ತಿಗೆ ಸರ್ಕಾರದ ಮಿತಿಯಿದೆ. ಆದುದರಿಂದ ಕೂಗುವುದಕ್ಕೆ ಬದಲಾಗಿ ಕೇಳುವ ಕಲೆಯನ್ನು ಹೆಚ್ಚಿಸಿಕೊಳ್ಳುವುದೊಂದೇ ದಾರಿ. ಅಂಕೀಯ ವಿಧಾನಗಳ ಇತಿಹಾಸವೆಲ್ಲ ಈ ಒಂದು ದಾರಿಯ ಇತಿಹಾಸವೇ.

ಒಂದು ದೃಷ್ಟಿಯಿಂದ ಮೋರ್ಸ್ ಸಂಕೇತವೇ ಮೊದಲ ಅಂಕೀಯ ವಿಧಾನ. ಅಲ್ಲಿ ಸಂಕೇತವನ್ನು ಬಿಡಿಸುವ ಗಣಕಯಂತ್ರ ಮನುಷ್ಯನ ಕಿವಿ. ಎರಡನೆಯ ಮಹಾಯುದ್ಧದ ಅನಂತರ ಅಗ್ಗವಾಗಿ ದೊರೆತ ಹಳೆಯ ಟೆಲಿಪ್ರಿಂಟರುಗಳನ್ನು ರೇಡಿಯೋಗೆ ಜೋಡಿಸಿ ಅಮೆರಿಕದ ಹವ್ಯಾಸಿಗಳು ಅಕ್ಷರಗಳನ್ನು ನೇರವಾಗಿ ಕಾಗದದ ಮೇಲೆ ಮೂಡಿಸಲಾರಂಭಿಸಿದರು. ಅದರಲ್ಲೊಂದು ನ್ಯೂನತೆಯಿತ್ತು: ಮಧ್ಯೆ ಸಿಡಿಲು ಬಡಿದರೆ ಒಂದಕ್ಷರದ ಸ್ಥಾನದಲ್ಲಿ ಇನ್ನೊಂದು ಅಚ್ಚಾಗುತ್ತಿತ್ತು, ತಪ್ಪಾಯಿತೆಂಬುದು ಕೂಡ ತಿಳಿಯುತ್ತಿರಲಿಲ್ಲ. ಇಂಗ್ಲೆಂಡಿನ ಪೀಟರ್ ಮಾರ್ಟಿನೆಜ್ ಎಂಬವರು ಹಡಗುಗಳಲ್ಲಿ ಬಳಕೆಯಲ್ಲಿದ್ದ ಪದ್ಧತಿಯೊಂದನ್ನು ಹವ್ಯಾಸಿಗಳಿಗೆ ಒಗ್ಗಿಸಿ 'ಆಮ್‌ಟರ್' ಎಂಬ ವಿಧಾನವನ್ನು ತಂದರು. ಅದರ ಉಪಾಯ ಬಹು ಸರಳ. ಒಂದೊಂದು ಅಕ್ಷರಕ್ಕೂ ಏಳು ಬಿಟ್, ಅಂದರೆ ಸೊನ್ನೆ ಅಥವಾ ಒಂದು ಎಂಬ ಏಳು ಗುರುತುಗಳು. ಆ ಏಳರಲ್ಲಿ ಒಂದು ಬಗೆಯವು ಯಾವಾಗಲೂ ನಾಲ್ಕು, ಇನ್ನೊಂದು ಬಗೆಯವು ಮೂರು. ಬಂದ ಅಕ್ಷರದಲ್ಲಿ ಈ ಪ್ರಮಾಣ ಕೆಟ್ಟಿದ್ದರೆ ಎಲ್ಲಿಯೋ ತಪ್ಪಾಗಿದೆಯೆಂದು ಯಂತ್ರವೇ ಅರಿತು 'ಮತ್ತೊಮ್ಮೆ ಹೇಳು' ಎನ್ನುತ್ತದೆ. ಮೂರು ಮೂರು ಅಕ್ಷರಕ್ಕೊಮ್ಮೆ ಈ ವಿಚಾರಣೆ ನಡೆಯುತ್ತದೆ. ಕೌಂಟರಿನಲ್ಲಿ ನೋಟುಗಳನ್ನು ಎಣಿಸಿ ಎರಡನೆಯ ಬಾರಿ ತಾಳೆ ನೋಡುವ ಗುಮಾಸ್ತರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕೆನಡಾದ ಮಾಂಟ್ರಿಯಲ್ ನಗರದ ಹವ್ಯಾಸಿಗಳು 1978ರಲ್ಲಿ 'ಪ್ಯಾಕೆಟ್' ರೇಡಿಯೋ ಪ್ರಯೋಗವನ್ನು ಆರಂಭಿಸಿದರು. ಸಂದೇಶವನ್ನು ತುಂಡು ತುಂಡಾಗಿ ಕಟ್ಟಿ, ಪ್ರತಿಯೊಂದು ಕಟ್ಟಿನ ಮೇಲೂ ವಿಳಾಸ ಬರೆದು, ಕೊನೆಯಲ್ಲಿ ತಾಳೆ ನೋಡಲು ಒಂದು ಮೊತ್ತವನ್ನು ಸೇರಿಸಿ ಕಳುಹಿಸುವ ಕ್ರಮ ಅದು. ಇಂದಿನ ಇಂಟರ್‌ನೆಟ್ ನಡೆಯುವುದೂ ಇದೇ ಬಗೆಯ ಕಟ್ಟುಗಳಿಂದ. ಜನಸಾಮಾನ್ಯರ ಮನೆಗೆ ಗಣಕಯಂತ್ರ ಬರುವುದಕ್ಕೆ ಮುನ್ನವೇ ಹವ್ಯಾಸಿಗಳು ಅದನ್ನು ಗಾಳಿಯಲ್ಲಿ ನಡೆಸಿ ನೋಡುತ್ತಿದ್ದರೆಂಬುದು ಗಮನಾರ್ಹ. ಮುಂದೆ 1990ರ ದಶಕದಲ್ಲಿ ಮನೆಯ ಗಣಕಯಂತ್ರಗಳಿಗೆ ಶಬ್ದವನ್ನು ಅಂಕಿಯಾಗಿಸುವ ಸಲಕರಣೆ ಬಂದಾಗ ಪ್ರತ್ಯೇಕ ಯಂತ್ರಗಳ ಅಗತ್ಯವೇ ತಪ್ಪಿತು. ರೇಡಿಯೋಗೂ ಗಣಕಕ್ಕೂ ನಡುವೆ ಒಂದೆರಡು ತಂತಿಗಳಿದ್ದರಾಯಿತು. ಅದೇ ಮಾರ್ಟಿನೆಜ್ ಅವರು 1998ರಲ್ಲಿ 'ಪಿ.ಎಸ್.ಕೆ.31' ಎಂಬ ವಿಧಾನವನ್ನು ಕೊಟ್ಟರು. ಸೆಕೆಂಡಿಗೆ 31ಕ್ಕೆ ತುಸು ಹೆಚ್ಚು ಬಿಟ್ ಅದರ ವೇಗ. ಮನುಷ್ಯ ಬೆರಳಚ್ಚು ಮಾಡುವ ವೇಗಕ್ಕೆ ಅಷ್ಟು ಸಾಕೆಂದು ಅವರ ಲೆಕ್ಕ. ಬೇಕಾದುದಕ್ಕಿಂತ ಹೆಚ್ಚು ವೇಗವಾಗಿ ಹೋಗುವುದೂ ಒಂದು ದುಂದುವೆಚ್ಚವೇ ಎಂಬ ವಿವೇಕ ಇಲ್ಲಿದೆ.

ಈ ವಿವೇಕವನ್ನು ಅದರ ತುತ್ತತುದಿಗೆ ಒಯ್ದವರು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೋಸೆಫ್ ಟೇಲರ್. ರಸಲ್ ಹಲ್ಸ್ ಅವರೊಡನೆ 1974ರಲ್ಲಿ ಒಂದು ಜೋಡಿ ಪಲ್ಸಾರನ್ನು ಪತ್ತೆಮಾಡಿದುದಕ್ಕಾಗಿ 1993ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಿಕವನ್ನು ಪಡೆದವರು ಇವರು. ಪಲ್ಸಾರ್ ಎಂದರೆ ದೀಪಸ್ತಂಭದಂತೆ ನಿಯತವಾಗಿ ಮಿಡಿಯುವ ನಕ್ಷತ್ರ. ಅದರ ಮಿಡಿತ ಭೂಮಿಯನ್ನು ತಲಪುವಾಗ ಗದ್ದಲದಲ್ಲಿ ಮುಳುಗಿರುತ್ತದೆ. ಆದರೆ ಮಿಡಿತದ ಅವಧಿ ಗೊತ್ತಿದ್ದರೆ ಸಾವಿರಾರು ಮಿಡಿತಗಳನ್ನು ಒಂದರ ಮೇಲೊಂದು ಕೂಡಿಸಿ ಅದನ್ನು ಹೊರಗೆಳೆಯಬಹುದು. ಟೇಲರ್ ಬಾಲ್ಯದಿಂದಲೇ ಹ್ಯಾಮ್. ಅಣ್ಣತಮ್ಮಂದಿರಿಬ್ಬರೂ ಮನೆಯ ಛಾವಣಿಯ ಮೇಲೆ ದೊಡ್ಡ ದೊಡ್ಡ ಆಂಟೆನಾಗಳನ್ನು ನಿಲ್ಲಿಸುವ ಭರದಲ್ಲಿ ಇಟ್ಟಿಗೆಯ ಹೊಗೆಗೂಡನ್ನೇ ಉರುಳಿಸಿ ತಂದೆತಾಯಿಗಳನ್ನು ಗಾಬರಿಗೊಳಿಸಿದ ಪ್ರಸಂಗವನ್ನು ಅವರೇ ಹೇಳಿಕೊಂಡಿದ್ದಾರೆ. ನೊಬೆಲ್ ಬಂದಮೇಲೂ ಅವರ ಹವ್ಯಾಸ ಬಿಡಲಿಲ್ಲ. ನಕ್ಷತ್ರಗಳಿಗೆ ಅನ್ವಯಿಸಿದ ಜಾಣತನವನ್ನು ಅವರು 2001ರಿಂದ ಹವ್ಯಾಸಿಗಳ ತಂತ್ರಾಂಶಕ್ಕೆ ಅನ್ವಯಿಸತೊಡಗಿದರು. ಉಲ್ಕೆಗಳ ಬಾಲದಿಂದ ಪ್ರತಿಫಲಿಸುವ ಕ್ಷಣಿಕ ಸಂಕೇತಕ್ಕೊಂದು ವಿಧಾನ, ಚಂದ್ರನಿಗೆ ಬಡಿದು ಸುಮಾರು ಎರಡೂವರೆ ಸೆಕೆಂಡಿನ ಬಳಿಕ ಮರಳುವ ಪ್ರತಿಧ್ವನಿಗೊಂದು ವಿಧಾನ, ಹೀಗೆ ಸಾಲಾಗಿ ಬಂದವು. ಅವುಗಳ ಪೈಕಿ ಲೋಕವ್ಯಾಪ್ತಿಯಾದುದು ಸ್ಟೀವ್ ಫ್ರಾಂಕ್ ಅವರೊಡನೆ ಸೇರಿ 2017ರಲ್ಲಿ ಹೊರತಂದ 'ಎಫ್.ಟಿ.8'. ಇಬ್ಬರ ಹೆಸರಿನ ಮೊದಲಕ್ಷರಗಳು, ಜೊತೆಗೆ ಅದರಲ್ಲಿ ಬಳಸುವ ಎಂಟು ಸ್ವರಗಳು: ಇದು ಆ ಹೆಸರಿನ ವಿವರಣೆ.

ಎಫ್.ಟಿ.8ರ ಒಳಹೊಕ್ಕು ನೋಡಿದರೆ ತಂತಿ ಕಚೇರಿಯ ಪಟ್ಟಿಯೇ ಕಾಣುತ್ತದೆ. ಒಂದು ಸಾಮಾನ್ಯ ಸಂದೇಶದಲ್ಲಿ ಮೂರೇ ಅಂಶಗಳು: ಕರೆಯಲ್ಪಡುವವರ ಕರೆಸಂಕೇತ, ಕರೆಯುವವರ ಕರೆಸಂಕೇತ, ಮತ್ತು ಸ್ಥಳ. ಅಕ್ಷರ ಅಕ್ಷರವಾಗಿ ಕಳುಹಿಸಿದರೆ ಆರಕ್ಷರದ ಕರೆಸಂಕೇತವೊಂದಕ್ಕೇ 48 ಬಿಟ್ ಬೇಕು. ಆದರೆ ಕರೆಸಂಕೇತದ ಯಾವ ಸ್ಥಾನದಲ್ಲಿ ಅಂಕಿ ಬರಬಹುದು, ಎಲ್ಲಿ ಅಕ್ಷರ ಬರಬಹುದು ಎಂಬುದಕ್ಕೆ ನಿಯಮವಿದೆ. ಆ ನಿಯಮದಂತೆ ಸಾಧ್ಯವಿರುವ ಕರೆಸಂಕೇತಗಳು ಒಟ್ಟು ಸುಮಾರು 26 ಕೋಟಿ. ಅವುಗಳಿಗೆಲ್ಲ ಕ್ರಮಸಂಖ್ಯೆ ಹಾಕಿದರೆ 28 ಬಿಟ್ ಸಾಕು. ಸ್ಥಳದ ಲೆಕ್ಕ ಇನ್ನೂ ಸೊಗಸು. ಹವ್ಯಾಸಿಗಳು ಭೂಮಂಡಲವನ್ನು ರೇಖಾಂಶದಲ್ಲಿ ಎರಡೆರಡು ಡಿಗ್ರಿ, ಅಕ್ಷಾಂಶದಲ್ಲಿ ಒಂದೊಂದು ಡಿಗ್ರಿಯ ಮನೆಗಳಾಗಿ ಗೆರೆ ಹಾಕಿ ವಿಂಗಡಿಸಿದ್ದಾರೆ. ಇಂಗ್ಲೆಂಡಿನ ಮೇಡನ್‌ಹೆಡ್ ಎಂಬ ಊರಿನಲ್ಲಿ 1980ರಲ್ಲಿ ನಡೆದ ಸಭೆಯಿಂದ ಈ ಪದ್ಧತಿಗೆ ಆ ಊರಿನ ಹೆಸರೇ ಬಂದಿದೆ. 180 ಅಡ್ಡಸಾಲು, 180 ಉದ್ದಸಾಲು. ಒಟ್ಟು 32,400 ಮನೆಗಳು. 15 ಬಿಟ್‌ಗಳಲ್ಲಿ ಬರೆಯಬಹುದಾದ ಸಂಖ್ಯೆಗಳು 32,768. ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಇದು ಸರಿಹೊಂದುತ್ತದೆ. ಮಿಕ್ಕ ಕೆಲವು ಸಂಖ್ಯೆಗಳನ್ನು 'ಇಷ್ಟು ಬಲವಾಗಿ ಕೇಳಿಸಿತು', 'ಮುಟ್ಟಿತು', 'ನಮಸ್ಕಾರ' ಮುಂತಾದ ಸಿದ್ಧ ಮಾತುಗಳಿಗೆ ಬಳಸಿಕೊಂಡಿದ್ದಾರೆ. ನಮ್ಮ ಮುಂಬಯಿ ಈ ನಕ್ಷೆಯಲ್ಲಿ ಎರಡು ಮನೆಗಳಿಗೆ ಹಂಚಿಹೋಗಿದೆ: ಕೋಟೆ ಪ್ರದೇಶ 'ಎಂ.ಕೆ.68', ಮಾಟುಂಗಾ 'ಎಂ.ಕೆ.69'. ಬೆಂಗಳೂರಿನ ಹೃದಯಭಾಗ 'ಎಂ.ಕೆ.82'. ಎರಡು ಕರೆಸಂಕೇತ, ಸ್ಥಳ, ಸಂದೇಶದ ಬಗೆಯನ್ನು ತಿಳಿಸುವ ಕೆಲವು ಗುರುತುಗಳು ಎಲ್ಲ ಸೇರಿ 77 ಬಿಟ್‌ಗಳಲ್ಲಿ ಸಂದೇಶ ಮುಗಿಯಿತು.

ಈಗ ಭದ್ರತೆಯ ಮಾತು. ಈ 77ಕ್ಕೆ ಮೊದಲು 14 ಬಿಟ್‌ಗಳ ಒಂದು ತಾಳೆ ಸಂಖ್ಯೆಯನ್ನು ಸೇರಿಸುತ್ತಾರೆ. ನಮ್ಮ ಎ.ಟಿ.ಎಂ. ಕಾರ್ಡಿನ ಕೊನೆಯ ಅಂಕಿ ಉಳಿದ ಅಂಕಿಗಳಿಂದ ಲೆಕ್ಕಹಾಕಿ ಬರೆದ ತಾಳೆ ಅಂಕಿಯಾಗಿರುವಂತೆಯೇ ಇದು. ಬರಿಯ ಗದ್ದಲವೇ ಸಂದೇಶದಂತೆ ನಟಿಸಿ ಈ ತಾಳೆಯಲ್ಲಿ ತೇರ್ಗಡೆಯಾಗುವ ಸಂಭವ 16,384ರಲ್ಲಿ ಒಂದು. ಅನಂತರ ಇನ್ನೂ 83 ಬಿಟ್‌ಗಳನ್ನು ಸೇರಿಸಿ ಒಟ್ಟು 174 ಮಾಡುತ್ತಾರೆ. ಅಸಲು 77, ಅದರ ಕಾವಲಿಗೆ 97! ಸಾಲದ ಮೊತ್ತಕ್ಕಿಂತ ಭದ್ರತೆಯೇ ಹೆಚ್ಚಾಯಿತೆಂದು ನಮ್ಮ ಶಾಖೆಯವರು ನಕ್ಕಾರು. ಆದರೆ ಚಮತ್ಕಾರವಿರುವುದು ಇಲ್ಲಿಯೇ.

ಒಂದು ತಃಖ್ತೆಯನ್ನು ಊಹಿಸಿಕೊಳ್ಳಿ. ಪ್ರತಿ ಅಡ್ಡಸಾಲಿಗೂ ಮೊತ್ತವಿದೆ. ಪ್ರತಿ ಉದ್ದಸಾಲಿಗೂ ಮೊತ್ತವಿದೆ. ನಡುವೆ ಒಂದು ಅಂಕಿಯ ಮೇಲೆ ಶಾಯಿ ಚೆಲ್ಲಿದೆ. ಆ ಅಂಕಿ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ; ಅಡ್ಡ ಮೊತ್ತದಿಂದ ಕಳೆದರೂ ದೊರೆಯುತ್ತದೆ, ಉದ್ದ ಮೊತ್ತದಿಂದ ಕಳೆದರೂ ದೊರೆಯುತ್ತದೆ. ನಾಲ್ಕಾರು ಕಡೆ ಶಾಯಿ ಚೆಲ್ಲಿದ್ದರೆ ಒಂದು ಸಾಲಿನಿಂದ ಒಂದನ್ನು ತಿದ್ದಿ, ಅದರ ಸಹಾಯದಿಂದ ಮತ್ತೊಂದು ಸಾಲಿನಲ್ಲಿ ಇನ್ನೊಂದನ್ನು ತಿದ್ದುತ್ತ ಹೋಗಬಹುದು. ಎಫ್.ಟಿ.8ರಲ್ಲಿ ಒಂದೊಂದು ಬಿಟ್ಟೂ ಇಂತಹ ಮೂರು ಮೂರು ಮೊತ್ತಗಳಲ್ಲಿ ಪಾಲುಗೊಂಡಿರುತ್ತದೆ; ಒಂದೊಂದು ಮೊತ್ತದಲ್ಲಿ ಆರೋ ಏಳೋ ಬಿಟ್‌ಗಳಿರುತ್ತವೆ. ಗಣಕಯಂತ್ರ ಪ್ರತಿಯೊಂದು ಬಿಟ್ಟನ್ನೂ 'ಇದು ಒಂದಾಗಿರುವ ಸಂಭವ ಇಷ್ಟು, ಸೊನ್ನೆಯಾಗಿರುವ ಸಂಭವ ಇಷ್ಟು' ಎಂದು ಅನುಮಾನದಿಂದಲೇ ಬರೆದುಕೊಂಡು, ಮೊತ್ತಗಳನ್ನು ಮತ್ತೆ ಮತ್ತೆ ತಾಳೆ ನೋಡುತ್ತ, ಎಲ್ಲ ಸಾಲುಗಳೂ ಸರಿಹೊಂದುವವರೆಗೆ ಅನುಮಾನಗಳನ್ನು ಪರಿಷ್ಕರಿಸುತ್ತದೆ. ಈ ಜಾತಿಯ ಸಂಕೇತಗಳನ್ನು ರಾಬರ್ಟ್ ಗ್ಯಾಲಗರ್ ಎಂಬವರು 1960ರಲ್ಲಿ ಅಮೆರಿಕದ ಎಂ.ಐ.ಟಿ.ಗೆ ಸಲ್ಲಿಸಿದ ಪ್ರಬಂಧದಲ್ಲಿಯೇ ಪ್ರತಿಪಾದಿಸಿದ್ದರು. ಅಂದಿನ ಗಣಕಯಂತ್ರಗಳಿಗೆ ಅಷ್ಟು ಲೆಕ್ಕ ಮಾಡುವ ಶಕ್ತಿಯಿಲ್ಲದೆ ಮೂರು ದಶಕ ಕಾಲ ಅದು ಮೂಲೆಗುಂಪಾಗಿ, 1990ರ ದಶಕದಲ್ಲಿ ಮರುಹುಟ್ಟು ಪಡೆಯಿತು.

174 ಬಿಟ್‌ಗಳನ್ನು ಮೂರು ಮೂರಾಗಿ ಕಟ್ಟಿದರೆ 58 ಕಟ್ಟುಗಳು. ಮೂರು ಬಿಟ್‌ಗಳಿಗೆ ಎಂಟು ಸಾಧ್ಯತೆ. ಆದುದರಿಂದ ಎಂಟು ಸ್ವರಗಳು. ತಾಳ ಹೊಂದಿಸಿಕೊಳ್ಳಲು ಆದಿ, ಮಧ್ಯ, ಅಂತ್ಯಗಳಲ್ಲಿ ಏಳೇಳರಂತೆ 21 ಗೊತ್ತಾದ ಸ್ವರಗಳು. ಒಟ್ಟು 79 ಸ್ವರ. ಒಂದೊಂದು ಸ್ವರ 0.16 ಸೆಕೆಂಡ್, ಸಂದೇಶದ ಅವಧಿ 12.64 ಸೆಕೆಂಡ್. ಪ್ರತಿ ನಿಮಿಷದ 0, 15, 30, 45ನೆಯ ಸೆಕೆಂಡಿಗೆ ಸರಿಯಾಗಿ ಜಗತ್ತಿನಾದ್ಯಂತ ಸಂದೇಶಗಳು ಹೊರಡುತ್ತವೆ. ಒಬ್ಬರು ಹೇಳುವ ಸರದಿಯಲ್ಲಿ ಇನ್ನೊಬ್ಬರು ಕೇಳುತ್ತಾರೆ. ಗಡಿಯಾರವೂ ಇಲ್ಲಿ ಮುಂಗಡ ಒಪ್ಪಂದದ ಒಂದು ಅಂಗ. ಅದು ಎರಡು ಮೂರು ಸೆಕೆಂಡು ಹಿಂದುಮುಂದಾದರೆ ಎಷ್ಟು ಒಳ್ಳೆಯ ಯಂತ್ರವಿದ್ದರೂ ಏನೂ ಕೇಳಿಸದು.

ಇಷ್ಟೆಲ್ಲ ಮಾಡಿ ದೊರೆತ ಲಾಭವೇನು? ಮಾತಿಗೆ ಬೇಕಾಗುವ ಸುಮಾರು 2,500 ಹರ್ಟ್ಸ್ ಅಗಲದ ಪಟ್ಟಿಯಲ್ಲಿರುವ ಗದ್ದಲದ ಶಕ್ತಿಯೊಡನೆ ಹೋಲಿಸಿದರೆ, ಸಂಕೇತದ ಶಕ್ತಿ ಅದರ 125ರಲ್ಲಿ ಒಂದು ಪಾಲಿದ್ದರೂ ಎಫ್.ಟಿ.8 ಅದನ್ನು ಓದಬಲ್ಲದು. ಇದನ್ನು ಕೇಳಿ ಕೆಲವರು ಮಾಟಮಂತ್ರವೆಂಬಂತೆ ವರ್ಣಿಸುವುದುಂಟು. ಲೆಕ್ಕದವನಾಗಿ ನಾನು ಒಂದು ಮಾತನ್ನು ಸೇರಿಸಲೇಬೇಕು. ಎಫ್.ಟಿ.8ರ ಸಂಕೇತ ಹರಡಿಕೊಳ್ಳುವುದು 50 ಹರ್ಟ್ಸ್ ಅಗಲದಲ್ಲಿ ಮಾತ್ರ. ಆ ಇಕ್ಕಟ್ಟಾದ ಪಟ್ಟಿಯೊಳಗೆ ಬರುವ ಗದ್ದಲವೂ ಐವತ್ತರಲ್ಲೊಂದು ಪಾಲು. ಆದುದರಿಂದ ಸಂಕೇತಕ್ಕೆ ನಿಜವಾಗಿ ಎದುರಾಗುವ ಗದ್ದಲ ಅದರ ಎರಡೂವರೆಯಷ್ಟು, 125ರಷ್ಟಲ್ಲ. ಮಿಕ್ಕುದನ್ನು ಗೆದ್ದುಕೊಡುವುದು ನಿಧಾನಗತಿ ಮತ್ತು ತಾಳೆಯ ಮೊತ್ತಗಳು. ಸೆಕೆಂಡಿಗೆ ಆರು ಬಿಟ್ ಇದರ ವೇಗ. ಕೋಟಿಗಳಲ್ಲಿ ಎಣಿಸುವ ಇಂದಿನ ಇಂಟರ್‌ನೆಟ್ಟಿನ ಮುಂದೆ ಇದು ಆಮೆಯೂ ಅಲ್ಲ, ಬಸವನಹುಳು. ಆದರೆ ಬಾಲ್ಕನಿಯ ತಂತಿಯಿಂದ, ನಮ್ಮ ದೇವರಮನೆಯ 'ಜೀರೋ' ಬಲ್ಬು ನುಂಗುವಷ್ಟು ವಿದ್ಯುಚ್ಛಕ್ತಿಯಿಂದ ಸಮುದ್ರಗಳಾಚೆಯ ಹವ್ಯಾಸಿಯನ್ನು ಮುಟ್ಟಿಸುವುದು ಈ ನಿಧಾನವೇ. ಎತ್ತರದ ಗೋಪುರ, ವಿಶಾಲವಾದ ಹಿತ್ತಲು ಉಳ್ಳವರ ಪಾಲಾಗಿದ್ದ ದೂರಸಂಪರ್ಕ ಎರಡು ಕೋಣೆಯ ಫ್ಲಾಟಿನವರಿಗೂ ಲಭ್ಯವಾಯಿತೆಂಬುದೇ ನನ್ನ ಮಟ್ಟಿಗೆ ಇದರ ದೊಡ್ಡ ಸಾಧನೆ.

ಇದಕ್ಕಿಂತಲೂ ಸೂಕ್ಷ್ಮವಾದ ವಿಧಾನ ಟೇಲರ್ ಅವರೇ 2008ರಲ್ಲಿ ಕೊಟ್ಟ 'ವಿಸ್ಪರ್'. ಹೆಸರಿಗೆ ತಕ್ಕಂತೆ ಇದು ಪಿಸುಮಾತು. ಕರೆಸಂಕೇತಕ್ಕೆ 28, ಸ್ಥಳಕ್ಕೆ 15, ಪ್ರೇಷಕದ ಶಕ್ತಿಯನ್ನು ತಿಳಿಸಲು 7, ಒಟ್ಟು 50 ಬಿಟ್‌ಗಳನ್ನು ಎರಡು ನಿಮಿಷಕ್ಕೆ ತುಸು ಕಡಿಮೆ ಅವಧಿಯಲ್ಲಿ ಕಳುಹಿಸುತ್ತದೆ. ಸಂಭಾಷಣೆ ಇಲ್ಲವೇ ಇಲ್ಲ. 'ನಾನು ಇಂಥವನು, ಇಂಥಲ್ಲಿದ್ದೇನೆ, ಇಷ್ಟು ಶಕ್ತಿ ಬಳಸುತ್ತಿದ್ದೇನೆ' ಎಂದಷ್ಟೇ ಸಾರುವುದು. ಯಾರಾರಿಗೆ ಎಲ್ಲೆಲ್ಲಿ ಕೇಳಿಸಿತೆಂಬುದನ್ನು ಜಗತ್ತಿನ ಗ್ರಾಹಕ ಕೇಂದ್ರಗಳು ತಾವಾಗಿ ಒಂದು ಸಾಮಾನ್ಯ ಕಡತಕ್ಕೆ ಸೇರಿಸುತ್ತವೆ. ಅಯಾನುಗೋಲ ಎಲ್ಲಿ ಯಾವಾಗ ಯಾವ ಕಂಪನಾಂಕಕ್ಕೆ ದಾರಿ ಬಿಡುತ್ತಿದೆಯೆಂಬುದರ ದಿನಚರಿ ಹೀಗೆ ತಾನೇ ತಾನಾಗಿ ಬೆಳೆಯುತ್ತಿದೆ. ಕೆಲವೇ ಗ್ರಾಂ ತೂಗುವ ಇಂತಹ ಪ್ರೇಷಕವನ್ನು ಬೆಲೂನಿಗೆ ಕಟ್ಟಿ ಹಾರಿಬಿಟ್ಟು, ಅದು ಭೂಪ್ರದಕ್ಷಿಣೆ ಮಾಡುವುದನ್ನು ಮನೆಯಲ್ಲಿ ಕುಳಿತು ಗುರುತಿಸುವ ಹವ್ಯಾಸಿಗಳೂ ಇದ್ದಾರೆ.

ಹವ್ಯಾಸಿಗಳ ಈ ಬಗೆಯ ಸ್ವಯಂಚಾಲಿತ ಗ್ರಾಹಕ ಜಾಲಗಳಿಂದ ವಿಜ್ಞಾನಕ್ಕೂ ಪ್ರಯೋಜನವಾಗಿದೆ. 2017ರ ಆಗಸ್ಟ್ 21ರಂದು ಅಮೆರಿಕದ ಮೇಲೆ ಪೂರ್ಣ ಸೂರ್ಯಗ್ರಹಣ ಹಾದುಹೋದಾಗ, ಮೋರ್ಸ್ ಸಂಕೇತಗಳನ್ನು ಆಲಿಸುವ ಅಂತಹ ಒಂದು ಜಾಲದ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಿದರು. 14 ಮೆಗಾಹರ್ಟ್ಸ್‌ನಲ್ಲಿ ಸಂಪರ್ಕಗಳು ಗ್ರಹಣದ ಮಧ್ಯಕಾಲದ ಹಿಂದುಮುಂದೆ ಒಂದೊಂದು ಗಂಟೆ ಕುಸಿದಿದ್ದವು. 7 ಮೆಗಾಹರ್ಟ್ಸ್‌ನಲ್ಲಿ ಸಾಮಾನ್ಯವಾಗಿ 500 ಕಿಲೋಮೀಟರ್ ಇರುತ್ತಿದ್ದ ಸಂಪರ್ಕದ ದೂರ ಸುಮಾರು 1,000ಕ್ಕೆ ಏರಿತ್ತು. ನಡುಹಗಲಿನಲ್ಲಿ ಅಯಾನುಗೋಲಕ್ಕೆ ಗಳಿಗೆಯ ಮಟ್ಟಿಗೆ ರಾತ್ರಿಯಾಗಿತ್ತು. ಆದರೆ ಇಂಥ ದಾಖಲೆಗಳಿಂದ ಏನನ್ನಾದರೂ ಹೇಳಿಸಬಹುದೆಂದು ಭ್ರಮಿಸಬಾರದು. 2014ರ ಮಾರ್ಚ್ 8ರಂದು ಕಣ್ಮರೆಯಾದ ಮಲೇಷ್ಯಾದ ವಿಮಾನದ ಹಾದಿಯನ್ನು ಹಳೆಯ ವಿಸ್ಪರ್ ದಾಖಲೆಗಳಲ್ಲಿ ಓದಬಹುದೆಂದು ಕೆಲವರು ವಾದಿಸಿದ್ದುಂಟು. ಹಾಗೆ ಸಾಧ್ಯವೆಂದು ತಾವು ನಂಬುವುದಿಲ್ಲವೆಂದು ಅದನ್ನು ರೂಪಿಸಿದ ಟೇಲರ್ ಅವರೇ ಸ್ಪಷ್ಟಪಡಿಸಿದ್ದಾರೆ. ಬಂಧುಗಳ ದುಃಖದ ನಡುವೆ ಇಂತಹ ಆಸೆ ಹುಟ್ಟಿಸುವವರು ಆ ಮಾತನ್ನು ಗಮನಿಸಿದ್ದರೆ ಒಳಿತಿತ್ತು.

ಈ ವಿಧಾನಗಳಿಗೆ ವಿರೋಧವೂ ಇಲ್ಲದಿಲ್ಲ. ಹಳೆಯ ತಲೆಮಾರಿನ ಹವ್ಯಾಸಿಗಳ ಆಕ್ಷೇಪಣೆ ಹೀಗಿದೆ: ಗಣಕಯಂತ್ರ ಕರೆಯುತ್ತದೆ, ಗಣಕಯಂತ್ರ ಉತ್ತರಿಸುತ್ತದೆ, ಒಂದೂವರೆ ನಿಮಿಷದಲ್ಲಿ ಸಂಪರ್ಕ ದಾಖಲೆಯಾಗುತ್ತದೆ; ಯಾವ ಊರು, ಹವೆ ಹೇಗಿದೆ, ಮಕ್ಕಳೆಷ್ಟು ಎಂಬ ಒಂದು ಮಾತೂ ಇಲ್ಲ. ಆಪರೇಟರ್ ಎಂಬವನು ಗುಂಡಿಯೊತ್ತಿ ಕಾಫಿ ಕುಡಿಯಲು ಏಳಬಹುದು. ಇದನ್ನು ಸಂಪರ್ಕವೆನ್ನುವುದು ಹೇಗೆ? ಈ ಆಕ್ಷೇಪಣೆಯನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಓದದೆಯೇ ಸಹಿ ಹಾಕುವ ಅಧಿಕಾರಿ ಹಾಗೂ ಪರದೆಯನ್ನು ನೋಡದೆಯೇ ದೇಶಗಳ ಪಟ್ಟಿಯನ್ನು ಬೆಳೆಸುವ ಹವ್ಯಾಸಿ, ಇಬ್ಬರೂ ಒಂದೇ ಜಾತಿಯವರು. ಆದರೆ ದೋಷ ವಿಧಾನದ್ದಲ್ಲ. ಕ್ಷೀಣವಾದ ಸಂಕೇತ ತಲಪುತ್ತದೆಯೇ ಎಂದು ಪರೀಕ್ಷಿಸಲು ರೂಪಿಸಿದ ಉಪಕರಣವನ್ನು ಹರಟೆಗೆ ಒದಗದೆಂದು ದೂರುವುದು, ತಕ್ಕಡಿ ಹಾಡುವುದಿಲ್ಲವೆಂದು ದೂರಿದಂತೆ. ಅಲ್ಲದೆ ಆಕ್ಷೇಪಣೆಗೆ ಉತ್ತರವೂ ಹವ್ಯಾಸಿಗಳಿಂದಲೇ ಬಂದಿದೆ. ಎಫ್.ಟಿ.8ರ ಅಡಿಪಾಯದ ಮೇಲೆಯೇ ಜೋರ್ಡನ್ ಶೆರರ್ ಎಂಬ ಅಮೆರಿಕದ ಹವ್ಯಾಸಿ 2018ರಲ್ಲಿ 'ಜೆ.ಎಸ್.8' ಎಂಬುದನ್ನು ಕಟ್ಟಿದರು. ಅದರಲ್ಲಿ ಮನಸ್ಸಿಗೆ ಬಂದುದನ್ನು ನಿಧಾನವಾಗಿ ಬೆರಳಚ್ಚು ಮಾಡಿ ಹರಟಬಹುದು. ಟೇಲರ್ ತಂಡದ ಮೂಲ ಸೂತ್ರಗಳೂ ತಂತ್ರಾಂಶವೂ ಮುಕ್ತವಾಗಿ ಪ್ರಕಟವಾಗಿದ್ದುದರಿಂದ ಇದು ಸಾಧ್ಯವಾಯಿತು.

ಮುಕ್ತತೆಯ ಈ ಪ್ರಶ್ನೆ ಧ್ವನಿಯ ವಿಷಯದಲ್ಲಿಯೂ ಎದ್ದಿತು. ಜಪಾನಿನ ಹವ್ಯಾಸಿ ಸಂಘದ ಆಶ್ರಯದಲ್ಲಿ ಬೆಳೆದ 'ಡಿ-ಸ್ಟಾರ್' ಪದ್ಧತಿಯಲ್ಲಿ ಮಾತನ್ನು ಅಂಕಿಗಳಾಗಿ ಕುಗ್ಗಿಸುವ ಸೂತ್ರ ಒಂದು ಖಾಸಗಿ ಸಂಸ್ಥೆಯ ಸ್ವತ್ತಾಗಿತ್ತು. ಅದರ ಚಿಪ್ ಕೊಳ್ಳಬಹುದಿತ್ತೇ ಹೊರತು ಒಳಗೇನಿದೆಯೆಂದು ಬಿಚ್ಚಿ ನೋಡುವಂತಿರಲಿಲ್ಲ. ಪ್ರಯೋಗವೇ ಧರ್ಮವಾದವರಿಗೆ ಇದು ಸಹನೆಯಾಗಲಿಲ್ಲ. ಆಸ್ಟ್ರೇಲಿಯಾದ ಡೇವಿಡ್ ರೋ ಎಂಬವರು 'ಕೋಡೆಕ್ 2' ಎಂಬ ಮುಕ್ತ ಸೂತ್ರವನ್ನು ಸ್ವತಃ ರಚಿಸಿ ಹಂಚಿದರು. ಅದನ್ನು ಆಧರಿಸಿದ 'ಫ್ರೀಡಿವಿ' ಎಂಬ ಧ್ವನಿ ವಿಧಾನ ಹ್ರಸ್ವತರಂಗದಲ್ಲಿ ಬಳಕೆಗೆ ಬಂದಿತು.

ಕನ್ನಡದಲ್ಲಿ ಸಂದೇಶ ಕಳುಹಿಸಬಹುದೇ ಎಂಬ ಪ್ರಶ್ನೆ ನಮ್ಮವರಿಗೆ ಸಹಜವಾಗಿಯೇ ಬರುತ್ತದೆ. ಎಫ್.ಟಿ.8ರ ಬಿಡಿ ಮಾತಿಗೆ ಅವಕಾಶ 13 ಅಕ್ಷರಗಳು ಮಾತ್ರ. ಅವೂ ರೋಮನ್ ದೊಡ್ಡಕ್ಷರ, ಅಂಕಿ ಮತ್ತು ನಾಲ್ಕಾರು ಚಿಹ್ನೆಗಳಿಂದಲೇ ಆಗಬೇಕು. ಮುಂಗಡ ಪಟ್ಟಿಯಲ್ಲಿ ನಮ್ಮ ಲಿಪಿ ಸೇರಿಲ್ಲ. ಪಿ.ಎಸ್.ಕೆ.31ರಂತಹ ವಿಧಾನಗಳಲ್ಲಿ ತಕ್ಕ ತಂತ್ರಾಂಶವಿದ್ದರೆ ಕನ್ನಡವನ್ನು ಕಳುಹಿಸಬಹುದು, ಆದರೆ ಸುಂಕ ಹೆಚ್ಚು. ಈಗ ಬಳಕೆಯಲ್ಲಿರುವ ಲಿಪಿಸಂಕೇತದಲ್ಲಿ ರೋಮನ್ ಅಕ್ಷರಕ್ಕೆ ಒಂದು ಬೈಟ್, ಅಂದರೆ ಎಂಟು ಬಿಟ್. ಕನ್ನಡದ ಒಂದೊಂದು ಘಟಕಕ್ಕೆ ಮೂರು ಬೈಟ್. 'ನಮಸ್ಕಾರ' ಎಂಬ ಪದದಲ್ಲಿ ಅರ್ಧಾಕ್ಷರದ ಚಿಹ್ನೆ, ದೀರ್ಘ ಸೇರಿ ಏಳು ಘಟಕಗಳು. ಅಂದರೆ 21 ಬೈಟ್. ಅದನ್ನೇ ರೋಮನ್ ಲಿಪಿಯಲ್ಲಿ ಬರೆದರೆ 9. ಸೆಕೆಂಡಿಗೆ ಕೆಲವೇ ಬಿಟ್‌ಗಳ ಈ ಲೋಕದಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಕನ್ನಡದಲ್ಲಿ ಹೆಚ್ಚು ಬಳಕೆಯಾಗುವ ಅಕ್ಷರಗಳಿಗೆ ಚಿಕ್ಕ ಸಂಕೇತಗಳನ್ನೂ, ಅಪರೂಪದವುಗಳಿಗೆ ದೀರ್ಘ ಸಂಕೇತಗಳನ್ನೂ ಕೊಡುವ ಒಂದು ಕೋಷ್ಟಕ ಮಾಡಿದರೆ ಈ ಸುಂಕ ಬಹುವಾಗಿ ಇಳಿದೀತು. ಗಣಿತ ಬಲ್ಲ ನಮ್ಮ ತರುಣರಿಗೆ ಇದೊಂದು ಒಳ್ಳೆಯ ಕೆಲಸ.

ಕಡೆಯದಾಗಿ ವಿಪತ್ಕಾಲದ ಉಪಯೋಗ. 2004ರ ಡಿಸೆಂಬರ್ 26ರಂದು ಸುನಾಮಿ ಬಡಿದಾಗ, ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ಪರವಾಗಿ ಭಾರತಿ ಪ್ರಸಾದ್ ಅವರ ನೇತೃತ್ವದ ತಂಡವೊಂದು ಹವ್ಯಾಸದ ಕಾರ್ಯಕ್ರಮಕ್ಕಾಗಿ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿತ್ತು. ಆ ಊರಿಗೆ 2024ರಿಂದ ಶ್ರೀ ವಿಜಯಪುರಂ ಎಂಬ ಹೆಸರಾಗಿದೆ. ದೂರವಾಣಿಗಳೆಲ್ಲ ಮೂಕವಾದಾಗ ಆ ತಂಡ ರೇಡಿಯೋ ಮೂಲಕ ದ್ವೀಪಗಳ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸಿತು. ಅಂದು ನೆರವಾದುದು ಮನುಷ್ಯರ ಬಾಯಿಮಾತು. ಬಾಯಿಮಾತಿಗೆ ಸಮನಾದುದು ಬೇರೊಂದಿಲ್ಲ. ಹೆದರಿದವರಿಗೆ ಧೈರ್ಯ ಬರುವುದು ಮನುಷ್ಯನ ದನಿಯಿಂದಲೇ. ಆದರೆ ಬದುಕಿರುವ ಇನ್ನೂರು ಮಂದಿಯ ಹೆಸರು, ವಯಸ್ಸು, ಊರು. ಬೇಕಾದ ಔಷಧಿಗಳ ಹೆಸರು, ಪ್ರಮಾಣ. ಇವನ್ನು ಗದ್ದಲದ ನಡುವೆ ಓದಿ ಹೇಳಿ ಬರೆದುಕೊಳ್ಳುವಾಗ ತಪ್ಪುಗಳು ನುಸುಳುತ್ತವೆ. ಔಷಧಿಯ ಪ್ರಮಾಣದಲ್ಲಿ ಒಂದು ದಶಾಂಶ ಬಿಂದು ಕಳೆದುಹೋದರೆ ಆಗುವ ಅನರ್ಥವನ್ನು ಈ ಸಂಚಿಕೆಯಲ್ಲಿ ಬರೆದಿರುವ ವೈದ್ಯರು ನನಗಿಂತ ಚೆನ್ನಾಗಿ ಬಲ್ಲರು. ಪ್ಯಾಕೆಟ್ ಮೊದಲಾದ ತಾಳೆಯುಳ್ಳ ವಿಧಾನಗಳಲ್ಲಿ ಪಟ್ಟಿ ಸರಿಯಾಗಿ ಮುಟ್ಟುತ್ತದೆ, ಇಲ್ಲವೇ ಮುಟ್ಟಲಿಲ್ಲವೆಂಬುದು ಕೂಡಲೇ ತಿಳಿಯುತ್ತದೆ. 'ವಿನ್‌ಲಿಂಕ್' ಎಂಬ ವ್ಯವಸ್ಥೆಯಿಂದ, ಇಂಟರ್‌ನೆಟ್ ಇಲ್ಲದ ಕಡೆಯಿಂದಲೂ ಹ್ರಸ್ವತರಂಗದ ಮೂಲಕ ಇ-ಮೇಲನ್ನು ದೂರದ ಕೇಂದ್ರಕ್ಕೆ ಮುಟ್ಟಿಸಬಹುದು. ಒಂದೇ ಎಚ್ಚರಿಕೆ: ಎಫ್.ಟಿ.8ರ ಗಡಿಯಾರಕ್ಕೆ ಇಂಟರ್‌ನೆಟ್ಟಿನಿಂದಲೇ ಸಮಯ ಕೊಡುತ್ತಿರುವವರು ಅದು ಕಡಿದುಹೋದ ದಿನಕ್ಕಾಗಿ ಉಪಗ್ರಹದಿಂದ ಸಮಯ ಪಡೆಯುವ ಜಿ.ಪಿ.ಎಸ್. ಸಲಕರಣೆಯನ್ನು ಈಗಲೇ ಜೋಡಿಸಿ, ಅದು ಕೆಲಸ ಮಾಡುವುದನ್ನು ತಿಂಗಳಿಗೊಮ್ಮೆಯಾದರೂ ಪರೀಕ್ಷಿಸಿಕೊಳ್ಳಬೇಕು.